ಸ್ಮಾರ್ಟ್‌ಫೋನ್ ಆಯ್ಕೆ: ಭಾರತದ ಖರೀದಿದಾರರ ಲೆಕ್ಕಾಚಾರ

ಭಾರತದಲ್ಲಿ ಸ್ಮಾರ್ಟ್‌ಫೋನ್ ಕೊಳ್ಳುವ ಮಾತು ಸಾಮಾನ್ಯವಾಗಿ ಒಂದು ಬೆಲೆಯಿಂದ ಶುರುವಾಗುತ್ತದೆ. “ಹದಿನೈದು ಸಾವಿರದೊಳಗೆ ಯಾವುದು ಚೆನ್ನಾಗಿದೆ?” ಎಂಬುದು ಅಂಗಡಿಯಲ್ಲೂ ಆಫೀಸಿನ ಊಟದ ಹೊತ್ತಿನಲ್ಲೂ ಮದುವೆ ಮನೆಯ ಜಗಲಿಯಲ್ಲೂ ಕೇಳಿಬರುವ ಪ್ರಶ್ನೆ. ಬೆಲೆಯ ಮಿತಿ ಮೊದಲು, ಕಂಪನಿ ಆಮೇಲೆ, ಮಾದರಿ ಕೊನೆಗೆ. ಚೀನಾವನ್ನು ಬಿಟ್ಟರೆ ಜಗತ್ತಿನ ಅತಿ ದೊಡ್ಡ ಸ್ಮಾರ್ಟ್‌ಫೋನ್ ಮಾರುಕಟ್ಟೆ ಭಾರತದ್ದು. ಇಲ್ಲಿ ಬಳಕೆಯಲ್ಲಿರುವ ಹತ್ತು ಫೋನ್‌ಗಳಲ್ಲಿ ಒಂಬತ್ತಕ್ಕೂ ಹೆಚ್ಚು ಆಂಡ್ರಾಯ್ಡ್‌ನವು. ಐಫೋನೋ ಆಂಡ್ರಾಯ್ಡೋ ಎಂದು ಅಮೆರಿಕದಲ್ಲಿ ಮೊದಲೇ ಏಳುವ ಪ್ರಶ್ನೆ ಇಲ್ಲಿನ ಬಹುಪಾಲು ಮನೆಗಳಲ್ಲಿ ಏಳುವುದೇ ಇಲ್ಲ. ಜೇಬು ಅದನ್ನು ಮೊದಲೇ ತೀರ್ಮಾನಿಸಿರುತ್ತದೆ.

ಬೆಲೆ ನಿಗದಿಯಾದ ಮೇಲೂ ಎದುರಿಗೆ ಇಪ್ಪತ್ತು ಮೂವತ್ತು ಮಾದರಿಗಳು ಉಳಿಯುತ್ತವೆ. ಅವುಗಳಲ್ಲಿ ಒಂದನ್ನು ಆರಿಸುವಾಗ ಜನ ನೆಚ್ಚುವುದು ಮುಖ್ಯವಾಗಿ ಮೂರನ್ನು: ಪೆಟ್ಟಿಗೆಯ ಮೇಲಿನ ಅಂಕಿಗಳು, ಪರಿಚಿತರ ಮಾತು ಮತ್ತು ಹಿಂದಿನ ಫೋನ್ ಕೊಟ್ಟ ಕಾಟದ ನೆನಪು. ಮೂರನೆಯದರ ಬಲ ಹೊರಗಿನವರಿಗೆ ಕಾಣುವುದಕ್ಕಿಂತ ದೊಡ್ಡದು. ಹಳೆಯ ಫೋನ್ ‘ಹ್ಯಾಂಗ್’ ಆಗುತ್ತಿದ್ದರೆ ಹೊಸದರಲ್ಲಿ ರ್‍ಯಾಮ್ ಹೆಚ್ಚಿರಬೇಕು. ಚಾರ್ಜ್ ನಿಲ್ಲದಿದ್ದರೆ ಬ್ಯಾಟರಿ ದೊಡ್ಡದಿರಬೇಕು. ಮೆಮೊರಿ ತುಂಬಿ ಮಗುವಿನ ಫೋಟೊ ಅಳಿಸಬೇಕಾಗಿ ಬಂದವರು 256 ಜಿಬಿಗಿಂತ ಕಡಿಮೆಯದನ್ನು ಕಣ್ಣೆತ್ತಿ ನೋಡುವುದಿಲ್ಲ.

ಬೆಲೆಯ ಮೆಟ್ಟಿಲುಗಳು

ಕೊಳ್ಳುವವರು ಹತ್ತು, ಹದಿನೈದು, ಇಪ್ಪತ್ತು, ಮೂವತ್ತು ಸಾವಿರ ಎಂದು ದುಂಡು ಮೊತ್ತಗಳಲ್ಲಿ ಯೋಚಿಸುತ್ತಾರೆ ಎಂಬುದು ಕಂಪನಿಗಳಿಗೆ ಚೆನ್ನಾಗಿ ಗೊತ್ತು. 9,999, 14,999, 19,999 ರೂಪಾಯಿಯ ಫೋನ್‌ಗಳು ಹುಟ್ಟಿದ್ದೇ ಹಾಗೆ. ಜೊತೆಗೆ ಒಂದೇ ಮಾದರಿ ಮೂರು ರೂಪಗಳಲ್ಲಿ ಬರುತ್ತದೆ: 6 ಜಿಬಿ ರ್‍ಯಾಮ್ ಮತ್ತು 128 ಜಿಬಿ ಸಂಗ್ರಹ, 8 ಮತ್ತು 128, 8 ಮತ್ತು 256. ಕೆಳಗಿನದನ್ನು ನೋಡಲು ಬಂದವರು ಸಾವಿರದೈನೂರು ಸೇರಿಸಿದರೆ ಮಧ್ಯದ್ದು ಸಿಗುತ್ತದಲ್ಲ ಎಂದು ಮೆಟ್ಟಿಲು ಹತ್ತುತ್ತಾರೆ.

ಈ ಮನೋಧರ್ಮವನ್ನು ಸಂಶೋಧಕರಾದ ಇಟಮಾರ್ ಸೈಮನ್‌ಸನ್ ಮತ್ತು ಏಮೋಸ್ ಟ್ವೆರ್ಸ್ಕಿ 1992ರಲ್ಲೇ ಕ್ಯಾಮೆರಾಗಳನ್ನು ಮುಂದಿಟ್ಟು ಪರೀಕ್ಷಿಸಿದ್ದರು. ಸುಮಾರು 170 ಮತ್ತು 240 ಡಾಲರಿನ ಎರಡು ಮಿನೋಲ್ಟಾ ಕ್ಯಾಮೆರಾಗಳ ನಡುವೆ ಆರಿಸಿ ಎಂದಾಗ ಜನ ಸರಿಸುಮಾರು ಅರ್ಧರ್ಧ ಹಂಚಿಹೋದರು. 470 ಡಾಲರಿನ ಮೂರನೆಯದೊಂದನ್ನು ಪಕ್ಕದಲ್ಲಿಟ್ಟಾಗ ಶೇ. 57ರಷ್ಟು ಮಂದಿ ಮಧ್ಯದ್ದಕ್ಕೆ ಕೈಯಿಟ್ಟರು. ದುಬಾರಿ ಕ್ಯಾಮೆರಾ ಪಕ್ಕದ್ದನ್ನು ಮಾರಿಸಿತ್ತು. ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ‘ಪ್ರೊ’, ‘ಪ್ರೊ ಪ್ಲಸ್’, ‘ಅಲ್ಟ್ರಾ’ಗಳು ಸಾಲಾಗಿ ಕೂರುವುದಕ್ಕೆ ಇದೂ ಒಂದು ಕಾರಣ.

ಇಎಂಐ ಈ ಲೆಕ್ಕವನ್ನೇ ಬದಲಿಸಿತು. ಇಪ್ಪತ್ತೈದು ಸಾವಿರ ಎಂದರೆ ಹಿಂಜರಿಯುವ ಸಂಬಳದಾರ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಎಂದಾಗ ಒಪ್ಪುತ್ತಾನೆ, ಎರಡೂ ಒಂದೇ ಮೊತ್ತವಾದರೂ. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲ, ಕ್ರೆಡಿಟ್ ಕಾರ್ಡ್‌ಗಳ ಇಂಥ ಯೋಜನೆಗಳಲ್ಲಿ ಬಡ್ಡಿಯನ್ನು ಅನೇಕ ಸಲ ಪ್ರೊಸೆಸಿಂಗ್ ಶುಲ್ಕದ ವೇಷದಲ್ಲಿ ಗ್ರಾಹಕರಿಂದಲೇ ವಸೂಲು ಮಾಡಲಾಗುತ್ತದೆ ಎಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕ್‌ಗಳಿಗೆ ಸುತ್ತೋಲೆ ಕಳಿಸಿತ್ತು. ‘ನೋ ಕಾಸ್ಟ್’ ಫಲಕದ ಮುಂದೆ ನಿಂತವರು ಪೂರ್ತಿ ಹಣ ಒಮ್ಮೆಗೇ ಕೊಟ್ಟರೆ ಎಷ್ಟು ಎಂದು ಕೇಳಿ ನೋಡಿದರೆ ನಿಜವಾದ ವ್ಯತ್ಯಾಸ ತಿಳಿಯುತ್ತದೆ.

ಕೊಳ್ಳುವ ಕಾಲವೂ ಹೆಚ್ಚುಕಡಿಮೆ ಗೊತ್ತುಪಡಿಸಿದ್ದೇ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮೊದಲ ‘ಬಿಗ್ ಬಿಲಿಯನ್ ಡೇ’ ರಿಯಾಯಿತಿ ಮಾರಾಟ ನಡೆಸಿದ ಮೇಲೆ ದಸರಾ–ದೀಪಾವಳಿಯ ಆಸುಪಾಸು ಫೋನ್ ಖರೀದಿಯ ಸುಗ್ಗಿಯಾಗಿದೆ. ಜೂನ್‌ನಲ್ಲಿ ಪರದೆ ಒಡೆದವರೂ ಹಬ್ಬದ ರಿಯಾಯಿತಿಗೆಂದು ಅದೇ ಬಿರುಕಿನ ಗಾಜನ್ನು ಉಜ್ಜುತ್ತ ಕಾಯುವುದುಂಟು. ಫೋನ್‌ಗಳ ಬೆಲೆಯನ್ನು ರಿಯಾಯಿತಿ ಇಳಿಸಿದರೆ ತೆರಿಗೆ ಏರಿಸಿತು: ಜಿಎಸ್‌ಟಿ 2020ರ ಏಪ್ರಿಲ್‌ನಲ್ಲಿ ಶೇ. 12ರಿಂದ 18ಕ್ಕೆ ಏರಿದ್ದರಿಂದ ಹತ್ತು ಸಾವಿರದೊಳಗಿನ ಒಳ್ಳೆಯ ಫೋನ್ ಎಂಬ ಹಳೆಯ ಮೆಟ್ಟಿಲು ಇನ್ನಷ್ಟು ಇಕ್ಕಟ್ಟಾಯಿತು.

ಟಾರ್ಚ್, ಎರಡು ಸಿಮ್, 4ಜಿ

ಏನು ಬೇಕು ಎಂಬುದು ಕಾಲಕಾಲಕ್ಕೆ ಬದಲಾಗಿದೆ. 2003ರಲ್ಲಿ ಬಂದ ನೋಕಿಯಾ 1100 ಸ್ಮಾರ್ಟ್‌ಫೋನ್ ಅಲ್ಲ. ಆದರೂ ಈ ಕಥೆ ಅಲ್ಲಿಂದಲೇ ಆರಂಭವಾಗಬೇಕು. ಅದರ ನೆತ್ತಿಯ ಟಾರ್ಚ್ ಮತ್ತು ಧೂಳು ನುಗ್ಗದ ಕೀಲಿಮಣೆ ಕರೆಂಟು ಹೋಗುವ ಊರುಗಳಿಗೆ, ಹೊಲಗದ್ದೆಗಳಿಗೆ ಹೇಳಿ ಮಾಡಿಸಿದಂತಿದ್ದವು. ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನದು. ಕರೆಗಿಂತ ಬೆಳಕು ಮುಖ್ಯವಾದ ಊರಿನಲ್ಲಿ ಯಾವ ಫೋನ್ ಗೆಲ್ಲುತ್ತದೆ ಎಂಬುದನ್ನು ತಂತ್ರಜ್ಞಾನದ ಪಟ್ಟಿ ಹೇಳಲಾರದು.

ಅಗ್ಗದ ಕರೆಗಾಗಿ ಒಂದು ಸಿಮ್, ಸಿಗ್ನಲ್‌ಗಾಗಿ ಇನ್ನೊಂದು ಎಂದು ಜನ ಎರಡು ಫೋನ್ ಹೊರುತ್ತಿದ್ದ ಕಾಲದಲ್ಲಿ ನೋಕಿಯಾ ಎರಡು ಸಿಮ್‌ನ ಫೋನ್ ತರಲು ತಡಮಾಡಿತು. ಆ ಸಂದಿಯಲ್ಲಿ ಮೈಕ್ರೋಮ್ಯಾಕ್ಸ್, ಲಾವಾ, ಕಾರ್ಬನ್‌ನಂಥ ಭಾರತೀಯ ಕಂಪನಿಗಳು ಬೆಳೆದವು. ಇವುಗಳಲ್ಲಿ ಕಾರ್ಬನ್, ಬೆಂಗಳೂರಿನ ಯುಟಿಎಲ್ ಮತ್ತು ದೆಹಲಿಯ ಜೈನಾ ಸಮೂಹ ಕೂಡಿ ಕಟ್ಟಿದ ಕಂಪನಿ. ಮೈಕ್ರೋಮ್ಯಾಕ್ಸ್‌ನ ಮೊದಮೊದಲ ಯಶಸ್ಸು ಎಕ್ಸ್1ಐ. ಒಮ್ಮೆ ಚಾರ್ಜ್ ಮಾಡಿದರೆ ಮೂವತ್ತು ದಿನ ಎಂಬುದೇ ಅದರ ಹೆಗ್ಗಳಿಕೆ.

ಆಯ್ಕೆಯ ವಿಧಾನವನ್ನೇ ತಿರುಗಿಸಿದ ವರ್ಷ 2014. ಫೆಬ್ರವರಿಯಲ್ಲಿ ಮೊಟೊ ಜಿ ಫೋನನ್ನು ಮೊಟೊರೊಲಾ ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಮಾರಿತು. ಜುಲೈಯಲ್ಲಿ ಶಓಮಿ 13,999 ರೂಪಾಯಿಗೆ ಎಂಐ 3 ತಂದಾಗ ಸ್ಟಾಕ್ ಕೆಲವೇ ಸೆಕೆಂಡುಗಳಲ್ಲಿ ಖಾಲಿಯಾಗುವ ‘ಫ್ಲ್ಯಾಶ್ ಸೇಲ್’ಗಳನ್ನು ದೇಶ ಮೊದಲ ಬಾರಿಗೆ ಕಂಡಿತು. ಮುಟ್ಟದೆ, ಹಿಡಿದು ನೋಡದೆ, ಬರೀ ಅಂಕಿಗಳನ್ನು ಓದಿ ಹದಿನಾಲ್ಕು ಸಾವಿರ ಕೊಡುವುದು ಅಲ್ಲಿಯವರೆಗೆ ಊಹಿಸಲಾಗದ ಮಾತಾಗಿತ್ತು. ಅಂಕಿಗಳ ಹೋಲಿಕೆ ಸಾಮಾನ್ಯರ ಹವ್ಯಾಸವಾದದ್ದು ಆಮೇಲೆ. 2016ರ ಸೆಪ್ಟೆಂಬರ್ 5ರಂದು ಜಿಯೊ ಸೇವೆ ಶುರುವಾಯಿತು. ಅದರಲ್ಲಿ 2ಜಿ, 3ಜಿ ಇರಲೇ ಇಲ್ಲ. ಮಾತಾಡುವುದಕ್ಕೂ ವಿಓಎಲ್‌ಟಿಇ (4ಜಿ ಮೂಲಕವೇ ಕರೆ) ಇರುವ 4ಜಿ ಫೋನ್ ಬೇಕಿತ್ತು. ಲಕ್ಷಾಂತರ ಮನೆಗಳಲ್ಲಿ ಫೋನ್ ಬದಲಾಯಿಸಲು ಅದೊಂದೇ ಕಾರಣ ಸಾಕಾಯಿತು. 3ಜಿ ಫೋನ್‌ಗಳ ದಾಸ್ತಾನು ಇಟ್ಟುಕೊಂಡಿದ್ದ ದೇಶಿ ಕಂಪನಿಗಳು ಹಿಂದೆ ಬಿದ್ದವು. 2017ರ ಕೊನೆಗೆ ಶಓಮಿ ಭಾರತದ ಮಾರಾಟದಲ್ಲಿ ಸ್ಯಾಮ್‌ಸಂಗ್ ಅನ್ನು ಹಿಂದಿಕ್ಕಿತು.

ಅಂಕಿಗಳ ಸೆಳೆತ

ಮೆಗಾಪಿಕ್ಸೆಲ್, ಎಂಎಎಚ್, ಗಿಗಾಹರ್ಟ್ಸ್, ಜಿಬಿ. ಎರಡು ಫೋನ್‌ಗಳ ನಡುವೆ ತೀರ್ಪು ಕೊಡಲು ಜನ ಹೆಚ್ಚಾಗಿ ಬಳಸುವುದು ಇವನ್ನೇ, ಏಕೆಂದರೆ ಅಂಕಿಗಳನ್ನು ಹೋಲಿಸುವುದು ಸುಲಭ. 108 ಎಂಬುದು 50ಕ್ಕಿಂತ ದೊಡ್ಡದು ಎಂದು ಹೇಳಲು ಛಾಯಾಗ್ರಹಣ ಗೊತ್ತಿರಬೇಕಾಗಿಲ್ಲ.

ಆದರೆ 108 ಮೆಗಾಪಿಕ್ಸೆಲ್‌ನ ಕ್ಯಾಮೆರಾ ಮಾಮೂಲಿ ಬಳಕೆಯಲ್ಲಿ ಪಕ್ಕಪಕ್ಕದ ಒಂಬತ್ತು ಪಿಕ್ಸೆಲ್‌ಗಳನ್ನು ಒಂದಾಗಿಸಿ ಸುಮಾರು 12 ಮೆಗಾಪಿಕ್ಸೆಲ್‌ನ ಚಿತ್ರವನ್ನೇ ಕೊಡುತ್ತದೆ. ಗೂಗಲ್ ತನ್ನ ಪಿಕ್ಸೆಲ್ ಫೋನ್‌ಗಳಲ್ಲಿ 2017ರಿಂದ 2020ರವರೆಗೆ 12 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾದಲ್ಲೇ ಉಳಿದು, ಚಿತ್ರಗಳನ್ನು ಸಂಸ್ಕರಿಸುವ ತಂತ್ರಾಂಶದ ಬಲದಿಂದ ವಿಮರ್ಶಕರ ಮೆಚ್ಚುಗೆ ಗಳಿಸಿತು. ಸೆನ್ಸರ್‌ನ ಗಾತ್ರ, ಲೆನ್ಸ್‌ನ ಗುಣ, ಕೈ ನಡುಕವನ್ನು ಸರಿದೂಗಿಸುವ ಒಐಎಸ್ ಇವು ಚಿತ್ರದ ಹಣೆಬರಹ ಬರೆಯುತ್ತವೆ. ಅಗ್ಗದ ಫೋನ್‌ಗಳ ಬೆನ್ನಿನ ಮೇಲೆ ಎಣಿಕೆ ತುಂಬಿಸಲು ಕೂರಿಸಿರುವ 2 ಮೆಗಾಪಿಕ್ಸೆಲ್‌ನ ‘ಮ್ಯಾಕ್ರೊ’ ಕ್ಯಾಮೆರಾದಿಂದ ಯಾರಿಗೂ ಹೇಳಿಕೊಳ್ಳುವ ಉಪಯೋಗವಿಲ್ಲ. ರ್‍ಯಾಮ್‌ನ ಕಥೆಯೂ ಹೀಗೆಯೇ. ‘8 ಜಿಬಿ + 8 ಜಿಬಿ’ ಎಂಬ ಜಾಹೀರಾತಿನ ಎರಡನೆಯ ಎಂಟು ನಿಜವಾದ ರ್‍ಯಾಮ್ ಅಲ್ಲ. ಸಂಗ್ರಹದ ಒಂದು ಭಾಗವನ್ನೇ ಬಹಳ ನಿಧಾನದ ರ್‍ಯಾಮ್‌ನಂತೆ ಬಳಸಲಾಗುತ್ತದೆ. ಆ ಸಂಗ್ರಹ ನಿಧಾನದ ಇಎಂಎಂಸಿಯೋ ವೇಗದ ಯುಎಫ್‌ಎಸ್ಸೋ ಎಂಬ ಪ್ರಶ್ನೆಗೆ ಆ್ಯಪ್‌ಗಳು ತೆರೆಯುವ ವೇಗದ ಮೇಲೆ ಬಹಳ ಪ್ರಭಾವವಿದೆ. ಅದನ್ನು ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸುವವರು ಕಡಿಮೆ, ಕೇಳುವವರು ಇನ್ನೂ ಕಡಿಮೆ.

ಅಂಕಿಗಳು ಕಣ್ಣಿನ ಸಾಕ್ಷ್ಯವನ್ನೂ ಮೀರಿಸುತ್ತವೆ. ಕ್ರಿಸ್ಟೊಫರ್ ಶೀ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾಗವಹಿಸಿದವರಿಗೆ ಎರಡು ಡಿಜಿಟಲ್ ಕ್ಯಾಮೆರಾಗಳ ಚಿತ್ರಗಳನ್ನು ನೇರವಾಗಿ ನೋಡುವ ಅವಕಾಶವಿತ್ತು. ಹಾಗಿದ್ದೂ ರೆಸೊಲ್ಯೂಶನ್‌ನ ಅಂತರ ದೊಡ್ಡದಾಗಿ ಕಾಣುವ ಬಗೆಯಲ್ಲಿ ಅಂಕಿಯನ್ನು ಕೊಟ್ಟಾಗ, ಅಂಕಿ ಹೆಚ್ಚಿದ್ದ ಕ್ಯಾಮೆರಾವನ್ನು ಆರಿಸಿದವರ ಸಂಖ್ಯೆ ಏರಿತು. ಚಿತ್ರಗಳು ಮಾತ್ರ ಬದಲಾಗಿರಲಿಲ್ಲ. ಇದಕ್ಕೆ ಪೂರಕವಾದ ಇನ್ನೊಂದು ಅಧ್ಯಯನ ಡೆಬೊರಾ ಥಾಂಪ್ಸನ್, ರೆಬೆಕಾ ಹ್ಯಾಮಿಲ್ಟನ್ ಮತ್ತು ರೋಲಂಡ್ ರಸ್ಟ್ ಅವರದು (2005). ಕೊಳ್ಳುವ ಮೊದಲು ಜನ ಸಾಧನ ಏನೇನು ಮಾಡಬಲ್ಲದು ಎಂಬುದಕ್ಕೆ ಬೆಲೆ ಕೊಡುತ್ತಾರೆ, ಬಳಸಿದ ಮೇಲೆ ಅದನ್ನು ನಿಭಾಯಿಸುವುದು ಎಷ್ಟು ಸುಲಭ ಎಂಬುದಕ್ಕೆ. ಹೀಗಾಗಿ ಸೌಲಭ್ಯಗಳ ಹೊರೆಯಿರುವುದನ್ನು ಕೊಂಡು ಆಮೇಲೆ ಬೇಸರಪಡುತ್ತಾರೆ ಎಂದು ಅವರು ತೋರಿಸಿದರು. ಸ್ಮಾರ್ಟ್‌ಫೋನ್‌ಗೆ ಈ ಮಾತು ಪೂರ್ತಿ ಒಪ್ಪುತ್ತದೆ.

ಹೆಸರು ಮುಚ್ಚಿಟ್ಟರೆ ತೀರ್ಪೇ ಬೇರೆಯಾಗುತ್ತದೆ. ಅಮೆರಿಕದ ಯೂಟ್ಯೂಬ್ ವಿಮರ್ಶಕ ಮಾರ್ಕೆಸ್ ಬ್ರೌನ್‌ಲೀ ಫೋನ್‌ಗಳ ಹೆಸರು ಹೇಳದೆ ಚಿತ್ರಗಳನ್ನಷ್ಟೇ ತೋರಿಸಿ ಸಾರ್ವಜನಿಕರಿಂದ ಮತ ಹಾಕಿಸುತ್ತಾರೆ. 2022ರ ಸುತ್ತಿನಲ್ಲಿ ಗೆದ್ದದ್ದು ಗೂಗಲ್‌ನ ಅಗ್ಗದ ಸಾಲಿನ ಪಿಕ್ಸೆಲ್ 6ಎ. ಅದಕ್ಕಿಂತ ದುಪ್ಪಟ್ಟು ಬೆಲೆಯ ಫೋನ್‌ಗಳು ಹಿಂದುಳಿದವು.

ಬಾಯಲ್ಲಿ ಹೇಳುವುದಕ್ಕೂ ಕೈ ಹಾಕುವುದಕ್ಕೂ ನಡುವಿನ ಅಂತರಕ್ಕೆ ಆ್ಯಪಲ್‌ನ ಪುಟ್ಟ ಫೋನ್‌ಗಳು ಒಳ್ಳೆಯ ಉದಾಹರಣೆ. ಒಂದೇ ಕೈಯಲ್ಲಿ ಹಿಡಿಯುವಂಥ ಫೋನ್ ಬೇಕು ಎಂಬ ಬೇಡಿಕೆ ವರ್ಷಗಟ್ಟಲೆ ಕೇಳಿಬರುತ್ತಿತ್ತು. ಕಂಪನಿ 2020ರಲ್ಲಿ ಐಫೋನ್ 12 ಮಿನಿ, ಮರುವರ್ಷ 13 ಮಿನಿ ತಂದಿತು. ಮಾರಾಟ ಮಂದವಾಗಿದ್ದರಿಂದ 2022ರ ಸಾಲಿನಲ್ಲಿ ಮಿನಿ ಇರಲೇ ಇಲ್ಲ.

ಯಾರ ಮಾತು ನಡೆಯುತ್ತದೆ

ಬಹುಪಾಲು ಕುಟುಂಬಗಳಲ್ಲಿ ಹಣ ಕೊಡುವವರು ಒಬ್ಬರು, ಆರಿಸುವವರು ಇನ್ನೊಬ್ಬರು. ಅಪ್ಪನ ಫೋನನ್ನು ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ನಿಶ್ಚಯಿಸುತ್ತಾರೆ. ಅಮ್ಮನಿಗೆ ಹಲವೆಡೆ ಇನ್ನೂ ಮಕ್ಕಳು ಬಿಟ್ಟ ಹಳೆಯ ಫೋನೇ ಗತಿ. ಬಂಧುಬಳಗದಲ್ಲಿ ‘ಕಂಪ್ಯೂಟರ್ ಓದಿದವನು’ ಒಬ್ಬನಿದ್ದರೆ ಊರಿನ ಹತ್ತು ಮನೆಯ ಫೋನ್‌ಗಳು ಅವನ ಮಾತಿನ ಮೇಲೆಯೇ ಬರುತ್ತವೆ. ಇಂಥ ಮಾತಿನ ಬಲ ದೊಡ್ಡದು, ಏಕೆಂದರೆ ಫೋನ್ ಕೆಟ್ಟರೆ ಹೇಳಿದವನನ್ನು ಮನೆಗೆ ಕರೆದು ಕೇಳಬಹುದು.

ಅಂಗಡಿಯಲ್ಲಿ ಸಲಹೆ ಕೊಡುವವರನ್ನು ಸ್ವಲ್ಪ ಬೇರೆ ಕಣ್ಣಿನಿಂದ ನೋಡಬೇಕಾಗುತ್ತದೆ. ಹಲವು ಕಂಪನಿಯ ಫೋನ್ ಮಾರುವ ಮಳಿಗೆಗಳಲ್ಲಿ ಅಂಗಿಯ ಮೇಲೆ ಒಂದು ಕಂಪನಿಯ ಹೆಸರು ಹೊತ್ತು ನಿಂತಿರುವ ಹುಡುಗರು ‘ಪ್ರಮೋಟರ್’ಗಳು, ತಮ್ಮ ಕಂಪನಿಯ ಫೋನ್ ಮಾರಿದಷ್ಟೂ ಅವರಿಗೆ ಇನ್ಸೆಂಟಿವ್. ವಿವೊ ಮತ್ತು ಒಪ್ಪೊ ಭಾರತದಲ್ಲಿ ನೆಲೆಯೂರಿದ್ದು ಮುಖ್ಯವಾಗಿ ಈ ದಾರಿಯಿಂದ: ತಾಲ್ಲೂಕು ಕೇಂದ್ರದವರೆಗೂ ನೀಲಿ, ಹಸಿರು ಫಲಕಗಳು, ಕೌಂಟರಿನಲ್ಲಿ ತಮ್ಮದೇ ಜನ, ಟಿವಿಯಲ್ಲಿ ಕ್ರಿಕೆಟ್. 2018ರಿಂದ ಐದು ವರ್ಷಗಳ ಐಪಿಎಲ್ ಶೀರ್ಷಿಕೆ ಪ್ರಾಯೋಜಕತ್ವಕ್ಕೆ ವಿವೊ ಕೂಗಿದ ಮೊತ್ತ 2,199 ಕೋಟಿ ರೂಪಾಯಿ. ಹೀಗಿದ್ದೂ ಅಂಗಡಿಗೆ ತನ್ನದೇ ಬೆಲೆಯಿದೆ. ಫೋನನ್ನು ಕೈಯಲ್ಲಿ ಹಿಡಿದು ತೂಕ ನೋಡಬಹುದು, ಟೆಂಪರ್ಡ್ ಗ್ಲಾಸ್ ಹಾಕಿಸಿಕೊಳ್ಳಬಹುದು, ಹಳೆಯ ಫೋನಿನ ಫೋಟೊ–ನಂಬರುಗಳನ್ನು ಹೊಸದಕ್ಕೆ ಹಾಕಿಸಿಕೊಂಡು ಮನೆಗೆ ಹೋಗಬಹುದು. ವಯಸ್ಸಾದವರಿಗೆ ಈ ಕೊನೆಯ ಸಹಾಯ ಸಾವಿರ ರೂಪಾಯಿಯ ರಿಯಾಯಿತಿಗಿಂತ ಮೇಲು.

ಕನ್ನಡದಲ್ಲಿ ಈ ಬಗೆಯ ಸಲಹೆಗೆ ಪತ್ರಿಕೆಗಳ ಪರಂಪರೆಯೂ ಇದೆ. ‘ಪ್ರಜಾವಾಣಿ’ಯಲ್ಲಿ ಯು.ಬಿ. ಪವನಜ ಬರೆಯುತ್ತಿದ್ದ ‘ಗ್ಯಾಜೆಟ್ ಲೋಕ’ ಅಂಕಣ ಫೋನ್‌ಗಳನ್ನು ವಿಮರ್ಶಿಸುವಾಗ ಕನ್ನಡದ ಅಕ್ಷರಗಳು ಸರಿಯಾಗಿ ಮೂಡುತ್ತವೆಯೇ ಎಂಬುದನ್ನೂ ತಪ್ಪದೆ ದಾಖಲಿಸುತ್ತಿತ್ತು. ಇಂಗ್ಲಿಷ್ ವಿಮರ್ಶೆಗಳಲ್ಲಿ ಕಾಣಸಿಗದ ಮಾಹಿತಿ ಅದು. ಇವತ್ತು ಆ ಜಾಗವನ್ನು ಕನ್ನಡದ ಯೂಟ್ಯೂಬ್ ವಾಹಿನಿಗಳು ಬಹುಮಟ್ಟಿಗೆ ತುಂಬಿವೆ. ಕಂಪನಿ ಕಳಿಸಿಕೊಟ್ಟ ಫೋನನ್ನು ನಾಲ್ಕು ದಿನ ಬಳಸಿ ಮಾಡಿದ ವಿಡಿಯೊ ಮತ್ತು ಆರು ತಿಂಗಳು ಬಳಸಿ ಮಾಡಿದ ವಿಡಿಯೊ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಊರು, ಸಿಗ್ನಲ್, ಭಾಷೆ

ಕನ್ನಡದ ಬಳಕೆದಾರರಿಗೆ ಭಾಷೆ ಒಂದು ಕಾಲಕ್ಕೆ ನಿಜವಾದ ಆಯ್ಕೆಯ ಪ್ರಶ್ನೆಯಾಗಿತ್ತು. ಆಂಡ್ರಾಯ್ಡ್‌ಗೆ ಕನ್ನಡದ ಬೆಂಬಲ ಬಂದದ್ದು 2012ರ 4.1ನೇ ಆವೃತ್ತಿಯಲ್ಲಿ, ಅದಕ್ಕೂ ಹಿಂದಿನ ಅನೇಕ ಫೋನ್‌ಗಳಲ್ಲಿ ಕನ್ನಡದ ಸಂದೇಶ ಬಂದರೆ ಕಾಣುತ್ತಿದ್ದದ್ದು ಖಾಲಿ ಚೌಕಗಳ ಸಾಲು. ಐಫೋನ್‌ಗೆ ಕನ್ನಡದ ಕೀಲಿಮಣೆ 2017ರ ಐಒಎಸ್ 11ರೊಂದಿಗೆ ಬಂತು. ಭಾರತದಲ್ಲಿ ಮಾರುವ ಫೋನ್‌ಗಳಲ್ಲಿ 22 ಅಧಿಕೃತ ಭಾಷೆಗಳನ್ನೂ ಓದಲು ಸಾಧ್ಯವಾಗಬೇಕು ಎಂದು ಭಾರತೀಯ ಮಾನಕ ಬ್ಯೂರೊದ ಐಎಸ್ 16333 ಮಾನಕ ವಿಧಿಸಿದೆ. ಹೀಗಾಗಿ ಇಂದಿನ ಖರೀದಿದಾರ ಓದುವ ಬಗ್ಗೆ ಚಿಂತಿಸಬೇಕಿಲ್ಲ. ಧ್ವನಿಯಿಂದ ಕನ್ನಡ ಟೈಪ್ ಮಾಡುವುದು ಹೇಗೆ ನಡೆಯುತ್ತದೆ ಎಂಬುದನ್ನು ಅಂಗಡಿಯಲ್ಲೇ ಒಮ್ಮೆ ಪರೀಕ್ಷಿಸಿದರೆ ಸಾಕು.

ಸಿಗ್ನಲ್‌ನ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಸಿಗುವುದು ಬಿಎಸ್‌ಎನ್‌ಎಲ್ ಒಂದೇ. ಅದು ತನ್ನ 4ಜಿಗೆ 700 ಮತ್ತು 2100 ಮೆಗಾಹರ್ಟ್ಸ್ ತರಂಗಗಳನ್ನು ಬಳಸುತ್ತದೆ. ಫೋನ್‌ನಲ್ಲಿ ಬ್ಯಾಂಡ್ 28 ಇಲ್ಲದಿದ್ದರೆ ಗುಡ್ಡದಾಚೆಗೂ ಮುಟ್ಟಬಲ್ಲ 700ರ ತರಂಗ ಇದ್ದೂ ಇಲ್ಲದಂತೆ. 2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ 5ಜಿ ಆರಂಭವಾದಾಗಲೂ ಇಂಥದೇ ತೊಡಕು ಕಂಡಿತು: ಜಿಯೊ ಆರಿಸಿಕೊಂಡದ್ದು 4ಜಿಯ ಆಸರೆ ಬೇಡದ ಸ್ವತಂತ್ರ ಜಾಲ, ಏರ್‌ಟೆಲ್ ಶುರುಮಾಡಿದ್ದು 4ಜಿಯನ್ನು ಆತುಕೊಂಡ ಜಾಲ. 5ಜಿ ಎಂದು ಬರೆದಿದ್ದ ಕೆಲವು ಹಳೆಯ ಫೋನ್‌ಗಳಿಗೆ ಎರಡೂ ದಕ್ಕಲಿಲ್ಲ. ಶಿರಸಿಯಲ್ಲಿರುವವರು ಬೆಂಗಳೂರಿನ ಅಳಿಯನ ಶಿಫಾರಸನ್ನು ಹಾಗೇ ಒಪ್ಪುವ ಮೊದಲು ಬ್ಯಾಂಡ್‌ಗಳ ಪಟ್ಟಿ ನೋಡುವುದು ಒಳ್ಳೆಯದು.

ಹೊರದೇಶದಲ್ಲಿರುವ ಮಕ್ಕಳು ತಂದುಕೊಡುವ ಫೋನ್‌ಗಳಿಗೂ ಈ ಎಚ್ಚರ ಬೇಕು. 2022ರ ಐಫೋನ್ 14ರಿಂದೀಚೆಗೆ ಅಮೆರಿಕದಲ್ಲಿ ಮಾರುವ ಐಫೋನ್‌ಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ಊರಿನ ತಂದೆ–ತಾಯಿಗೆಂದು ಪ್ರೀತಿಯಿಂದ ತಂದ ಫೋನ್, ಅವರ ಹಳೆಯ ಸಿಮ್ ಕಾರ್ಡಿಗೆ ಜಾಗವಿಲ್ಲದೆ ಪೆಟ್ಟಿಗೆಯಲ್ಲೇ ಉಳಿಯಬಾರದು.

ಅಂತಸ್ತು ಮತ್ತು ಸೆಕೆಂಡ್‌ಹ್ಯಾಂಡ್

ಐಫೋನ್ ಭಾರತಕ್ಕೆ ಬಂದದ್ದು 2008ರ ಆಗಸ್ಟ್‌ನಲ್ಲಿ, 31,000 ರೂಪಾಯಿಯ ಆರಂಭಿಕ ಬೆಲೆಯೊಂದಿಗೆ. ಆಗ ಕೊಂಡವರು ವಿರಳ. ಇಂದು ಚಿತ್ರ ಬೇರೆ: ಐಫೋನ್ ಕರ್ನಾಟಕದಲ್ಲೇ ಜೋಡಣೆಯಾಗುತ್ತದೆ, ಕೊಳ್ಳುವವರೂ ಹೆಚ್ಚಿದ್ದಾರೆ. ವಿಸ್ಟ್ರಾನ್ ಕಂಪನಿ 2017ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನ್ ಎಸ್‌ಇ ಜೋಡಿಸಲಾರಂಭಿಸಿತು. ಕೋಲಾರದ ನರಸಾಪುರದಲ್ಲಿರುವ ಅದರ ಘಟಕ 2023ರಲ್ಲಿ ಟಾಟಾ ಎಲೆಕ್ಟ್ರಾನಿಕ್ಸ್ ತೆಕ್ಕೆಗೆ ಬಂತು. ದೇವನಹಳ್ಳಿಯಲ್ಲಿ ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಘಟಕವಿದೆ. ಐಫೋನ್ ಕೊಳ್ಳುವ ತರುಣರಲ್ಲಿ ಕ್ಯಾಮೆರಾ ಮತ್ತು ಬಾಳಿಕೆಯ ಲೆಕ್ಕ ಹಾಕುವವರಿದ್ದಾರೆ. ಕಾಲೇಜಿನಲ್ಲಿ, ಕೆಲಸದ ಜಾಗದಲ್ಲಿ ತಾವು ಕಡಿಮೆಯಾಗಬಾರದು ಎಂಬ ಆಸೆಯಿಂದ ಇಎಂಐ ಹೊರುವವರೂ ಇದ್ದಾರೆ. ಆ ಆಸೆಯನ್ನು ಹೀಗಳೆಯಬೇಕಿಲ್ಲ. ಮೂರು ತಿಂಗಳ ಸಂಬಳವನ್ನು ಅದಕ್ಕೆ ಒತ್ತೆಯಿಡುವಾಗ ಮನೆಯವರು ಚಿಂತಿಸುವುದೂ ಸಹಜ. ಮರುಮಾರಾಟದಲ್ಲಿ ಐಫೋನ್ ಆಂಡ್ರಾಯ್ಡ್‌ಗಳಿಗಿಂತ ಹೆಚ್ಚು ಬೆಲೆ ಉಳಿಸಿಕೊಳ್ಳುತ್ತದೆ ಎಂಬುದು ನಿಜ. ಬಳಸಿದ ಫೋನ್‌ಗಳ ಪೇಟೆ ಬೆಳೆದಿರುವುದಕ್ಕೆ ಇದೂ ಒಂದು ಕಾರಣ.

ಬಳಸಿದ ಫೋನ್ ಕೊಳ್ಳುವವರಿಗೆ ಒಂದು ಒಳ್ಳೆಯ ಅನುಕೂಲವಿದೆ. *#06# ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಕಾಣುತ್ತದೆ. ಅದನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಸೇವೆಯಲ್ಲಿ ಪರೀಕ್ಷಿಸಿದರೆ, ಫೋನ್ ಕಳವಿನದೆಂದು ನಿರ್ಬಂಧಕ್ಕೆ ಒಳಗಾಗಿದೆಯೇ ಎಂಬುದು ಗೊತ್ತಾಗುತ್ತದೆ. ಬಿಲ್ ಇಲ್ಲ, ಪೆಟ್ಟಿಗೆ ಇಲ್ಲ, ನಂಬರ್ ನೋಡಲು ಬಿಡುವುದಿಲ್ಲ ಎನ್ನುವ ಮಾರಾಟಗಾರನಿಂದ ಕೊಳ್ಳದಿರುವುದೇ ಕ್ಷೇಮ.

ಕೊಂಡ ಮೇಲಿನ ವರ್ಷಗಳು

ಅಂಗಡಿಯಲ್ಲಿ ಅತಿ ಕಡಿಮೆ ಕೇಳುವ ಪ್ರಶ್ನೆ, ಅತಿ ಹೆಚ್ಚು ಕಾಲ ಕಾಡುವ ಪ್ರಶ್ನೆ ಎರಡೂ ಒಂದೇ: ಈ ಫೋನ್‌ಗೆ ಅಪ್‌ಡೇಟ್ ಎಷ್ಟು ವರ್ಷ ಬರುತ್ತದೆ? ಭದ್ರತಾ ಅಪ್‌ಡೇಟ್ ನಿಂತ ಫೋನ್‌ನಲ್ಲಿ ಯುಪಿಐ ಹಣಕಾಸು ನಡೆಸುವುದು ಅಪಾಯ. ಆಂಡ್ರಾಯ್ಡ್ ಆವೃತ್ತಿ ತೀರಾ ಹಳೆಯದಾದರೆ ವಾಟ್ಸ್‌ಆ್ಯಪ್ ಮತ್ತು ಬ್ಯಾಂಕ್ ಆ್ಯಪ್‌ಗಳೇ ಕೈಕೊಡುತ್ತವೆ. ಗೂಗಲ್ 2023ರ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟ್ ಘೋಷಿಸಿದವು. ಭಾರತದಲ್ಲಿ ಹೆಚ್ಚು ಬಿಕರಿಯಾಗುವ ಅಗ್ಗದ ಫೋನ್‌ಗಳಲ್ಲಿ ಹಲವಕ್ಕೆ ಅದರ ಅರ್ಧದಷ್ಟೂ ಸಿಗುವುದಿಲ್ಲ. ಐದು ಸಾವಿರ ಉಳಿಸಿ ಎರಡು ವರ್ಷಕ್ಕೇ ಫೋನ್ ಬದಲಾಯಿಸುವವರು ಕೊನೆಗೆ ಹೆಚ್ಚೇ ಖರ್ಚು ಮಾಡಿರುತ್ತಾರೆ.

ರಿಪೇರಿಯದ್ದೂ ಅಷ್ಟೇ ದೊಡ್ಡ ವಿಷಯ. ಪರದೆ ಒಡೆದರೆ ಎಷ್ಟು, ಬ್ಯಾಟರಿ ಬದಲಾಯಿಸಲು ಎಷ್ಟು, ಸರ್ವಿಸ್ ಸೆಂಟರ್ ಜಿಲ್ಲಾ ಕೇಂದ್ರದಲ್ಲಾದರೂ ಇದೆಯೇ? ಬೆಂಗಳೂರಿನವರಿಗೆ ರಿಪೇರಿ ಅಂಗಡಿಗಳ ಎಸ್.ಪಿ. ರಸ್ತೆಯಾದರೂ ಇದೆ. ಬಿಡಿಭಾಗ ಸಿಗದ ಮಾದರಿಯಾದರೆ ಅಲ್ಲಿನ ಕುಶಲಕರ್ಮಿಗಳೂ ಏನೂ ಮಾಡಲಾರರು. ಕಂಪನಿಯೇ ಮುಂದೆ ಇರುತ್ತದೆಂಬ ಖಾತರಿಯೂ ಇಲ್ಲ: 2021ರ ಏಪ್ರಿಲ್‌ನಲ್ಲಿ ಎಲ್‌ಜಿಯಂಥ ದೊಡ್ಡ ಕಂಪನಿಯೇ ಫೋನ್ ವ್ಯವಹಾರ ಮುಚ್ಚುವುದಾಗಿ ಸಾರಿತು.

ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟವಾಗುವ ಫೋನ್‌ಗಳಿಗೆ ಚೀಟಿ ಕಡ್ಡಾಯವಾಗಿದೆ. ಬ್ಯಾಟರಿಯ ಬಾಳಿಕೆಯ ಮಾಹಿತಿಯ ಜೊತೆಗೆ, ಬಿದ್ದರೆ ತಡೆದುಕೊಳ್ಳುವ ಶಕ್ತಿ ಮತ್ತು ರಿಪೇರಿಯ ಸುಲಭತೆಗೆ ಅದರಲ್ಲಿ ದರ್ಜೆಯಿದೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2024ರಲ್ಲಿ ನೇಮಿಸಿದ ಸಮಿತಿ ಫೋನ್ ಮತ್ತು ಎಲೆಕ್ಟ್ರಾನಿಕ್ ವಸ್ತುಗಳಿಗೆ ರಿಪೇರಿ ಸೂಚ್ಯಂಕ ಇರಬೇಕೆಂಬ ವರದಿಯನ್ನು 2025ರ ಮೇ ತಿಂಗಳಲ್ಲಿ ಒಪ್ಪಿಸಿದೆ. ಅಂಥ ಚೀಟಿ ಇಲ್ಲಿನ ಪೆಟ್ಟಿಗೆಗಳ ಮೇಲೂ ಬರಬೇಕು, ಬೇಗ ಬರಬೇಕು. ಅಲ್ಲಿಯವರೆಗೆ ಫೋನ್ ಕೊಳ್ಳುವವರು ಮೆಗಾಪಿಕ್ಸೆಲ್ ಕೇಳುವ ಮೊದಲು ಅಪ್‌ಡೇಟ್ ಎಷ್ಟು ವರ್ಷ, ಪರದೆಯ ರಿಪೇರಿಗೆ ಎಷ್ಟು, ಹತ್ತಿರದ ಸರ್ವಿಸ್ ಸೆಂಟರ್ ಎಲ್ಲಿ ಎಂದು ಕೌಂಟರಿನಲ್ಲೇ ಕೇಳಿ ತಿಳಿದುಕೊಳ್ಳಲಿ.